ಟ್ಯಾಬಿನೊಳಗೆ ಒಂದು ಪಂಚಾಯತ್

ಎಂಟನೇ ತರಗತಿಯ ಪೌರನೀತಿ ಪಾಠದ ಮೊದಲ ಸಾಲಿನಲ್ಲೇ ನಾವಿಬ್ಬರೂ ಸಿಕ್ಕಿಹಾಕಿಕೊಂಡಿದ್ದೆವು. ಪೌರ ಎಂದರೆ ಯಾರು ಎಂದು ನಾನು ಓದಿ, ಅರ್ಥ ಬಿಡಿಸಿ, ಉದಾಹರಣೆ ಕೊಟ್ಟು, "ಗೊತ್ತಾಯ್ತಾ?" ಎಂದಾಗಲೆಲ್ಲ ಹುಡುಗಿ ತಲೆಯಾಡಿಸುತ್ತಿದ್ದಳು. ಮರುದಿನ ಕೇಳಿದರೆ ಏನೂ ಉಳಿದಿರುತ್ತಿರಲಿಲ್ಲ. ಒಂದು ಸಂಜೆ ಪೆನ್ನಿನ ಮುಚ್ಚಳ ಕಚ್ಚುತ್ತಾ ಅವಳೇ ಕೇಳಿದಳು.

"ಟೀಚರ್, ನಾನು ಪೌರಳಾ?"

"ಹೌದು, ಮತ್ತೆ?"

"ಯಾವ ಊರಿಗೆ?"

ತಮಾಷೆಗೆ ಕೇಳಿದ್ದಲ್ಲ. ಅವಳು ಹುಟ್ಟಿ ಬೆಳೆದದ್ದು ಗಲ್ಫ್‌ನ ಒಂದು ನಗರದಲ್ಲಿ, ತಂದೆ ಕೆಲಸಕ್ಕಿದ್ದ ಕಂಪೆನಿಯ ಕಟ್ಟಡದಲ್ಲಿ. ಕಂಪೆನಿ ಮುಚ್ಚಿತು. ತಂದೆ ಅಲ್ಲೇ ಬೇರೊಂದು ಸಣ್ಣ ಕೆಲಸ ಹಿಡಿದು, ನಾಲ್ಕು ಮಂದಿಯ ಜೊತೆ ಒಂದು ರೂಮಿನಲ್ಲಿ ಉಳಿದರು. ತಾಯಿ ಮಗಳು ಕಡಬ ತಾಲೂಕಿನ ಒಂದು ಹಳ್ಳಿಗೆ, ತಾಯಿಯ ತವರಿಗೆ ಬಂದರು. ಹತ್ತಿರದ ಪ್ರೌಢಶಾಲೆಯಲ್ಲಿದ್ದದ್ದು ಕನ್ನಡ ಮಾಧ್ಯಮ ಮಾತ್ರ. ಮನೆಯಲ್ಲಿ ಬ್ಯಾರಿ, ಗಲ್ಫಿನ ಶಾಲೆಯಲ್ಲಿ ಇಂಗ್ಲಿಷ್ ಮಾತಾಡಿ ಬೆಳೆದ ಹುಡುಗಿಗೆ ಮಾತಿನ ಕನ್ನಡ ಬೇಗ ಬಂತು. ಪುಸ್ತಕದ ಕನ್ನಡ ಬರಲಿಲ್ಲ. ತರಗತಿಯಲ್ಲಿ ಅವಳು ಬಾಯಿ ಬಿಡುತ್ತಿರಲಿಲ್ಲ.

ನಾನು ಬೇರೊಂದು ಶಾಲೆಯಲ್ಲಿ ಸಮಾಜ ವಿಜ್ಞಾನದ ಅತಿಥಿ ಶಿಕ್ಷಕಿ. ಸಂಜೆ ನರಿಮೊಗರಿನ ನನ್ನ ಮನೆಗೆ ಮರಳುವ ದಾರಿಯಲ್ಲಿ ಅವರ ಮನೆಯೆದುರು ಬಸ್ ಇಳಿದು, ಒಂದು ಗಂಟೆ ಪಾಠ ಹೇಳಿ, ಮುಂದಿನ ಬಸ್ಸಿಗೆ ಕೈ ತೋರಿಸುತ್ತಿದ್ದೆ. ತಾಯಿಯನ್ನು ಅವಳು ಉಮ್ಮ ಎನ್ನುತ್ತಿದ್ದಳು, ತಂದೆಯನ್ನು ಉಪ್ಪ. ಉಮ್ಮ ಮೊದಲ ದಿನವೇ ಹೇಳಿದ್ದರು: "ದಸರಾ ರಜೆಗೆ ಮೊದಲು ಪರೀಕ್ಷೆ ಉಂಟಲ್ಲ ಟೀಚರ್, ಅಲ್ಲಿವರೆಗೆ ನೋಡುವ. ಪಾಸಾಗದಿದ್ರೆ ಶಾಲೆ ಬಿಡಿಸುದು. ಮನೆಯಲ್ಲೇ ಕೂತು ಓಪನ್ ಪರೀಕ್ಷೆ ಕಟ್ಟಲಿ. ದಿನಾ ಬೆಳಿಗ್ಗೆ ಅವಳು ಹೊಟ್ಟೆನೋವು ಅಂತ ಅಳುದು ನನಗೆ ನೋಡ್ಲಿಕ್ಕೆ ಆಗುದಿಲ್ಲ."

ಮನೆಯಲ್ಲಿ ಕುಳಿತರೆ ಆ ಹುಡುಗಿ ಮತ್ತೆ ಹೊರಗೆ ಬರುವುದು ಕಷ್ಟ ಎಂದು ನನಗೆ ಅನಿಸಿತ್ತು. ಉಳಿದ ವಿಷಯಗಳಲ್ಲಿ ಅವಳು ಹೇಗೋ ದಾಟುತ್ತಿದ್ದಳು. ಸಮಾಜ ವಿಜ್ಞಾನದಲ್ಲಿ, ಅದರಲ್ಲೂ ಪೌರನೀತಿಯಲ್ಲಿ, ಉತ್ತರದ ಜಾಗ ಪೂರ್ತಿ ಖಾಲಿ ಬಿಡುತ್ತಿದ್ದಳು.

ಅವಳ ಟ್ಯಾಬ್ ನನ್ನ ಕಣ್ಣಿಗೆ ಬಿದ್ದದ್ದು ಆ ದಿನಗಳಲ್ಲಿ. ಚೌಕದ ಬ್ಲಾಕುಗಳನ್ನು ಒಂದರ ಮೇಲೊಂದಿಟ್ಟು ಮನೆ, ಬೆಟ್ಟ, ನದಿ ಏನು ಬೇಕಾದರೂ ಕಟ್ಟುವ ಆಟ. ಅದರಲ್ಲಿ ಅವಳು ಒಂದು ನಗರವನ್ನೇ ಎಬ್ಬಿಸಿದ್ದಳು. ಗಾಜಿನ ಗೋಪುರಗಳು, ನೇರ ರಸ್ತೆಗಳು, ಎರಡೂ ಬದಿಗೆ ಒಂದೇ ಎತ್ತರದ ಖರ್ಜೂರದ ಮರಗಳು. ನಿಜಕ್ಕೂ ಚಂದ ಇತ್ತು.

"ಇದರಲ್ಲಿ ಜನ ಎಲ್ಲಿ?" ಎಂದೆ.

"ಜನ ಬೇಡ ಟೀಚರ್. ಜನ ಬಂದ್ರೆ ಕ್ಲೀನ್ ಇರುದಿಲ್ಲ."

"ಕಸ ಎಲ್ಲಿಗೆ ಹಾಕ್ತಿ?"

"ಕಸ ಹೋಗ್ತದೆ. ರಾತ್ರಿ ಬಾಗಿಲ ಹತ್ತಿರ ಇಟ್ರೆ ಬೆಳಿಗ್ಗೆ ಇರುದಿಲ್ಲ."

"ಯಾರು ತಕ್ಕೊಂಡು ಹೋಗುದು?"

ಅವಳು ಸ್ವಲ್ಪ ಯೋಚಿಸಿ, "ಕಂಪೆನಿ" ಎಂದಳು.

ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಬಂದೆ. ಲೈಟು, ನೀರು, ಲಿಫ್ಟು, ರಸ್ತೆ ಎಲ್ಲವೂ ಯಾರೋ ಒಬ್ಬರು ಒದಗಿಸುವುದು. ನಾವು ಇರುವಷ್ಟು ದಿನ ಬಳಸುವುದು. ಅವಳಿಗೆ ಗೊತ್ತಿದ್ದ ಊರು ಅದು. ಅಂಥವಳಿಗೆ ಪಂಚಾಯತಿನ ಕೆಲಸಗಳನ್ನು ಬಾಯಿಪಾಠ ಮಾಡಿಸಿ ಏನು ಪ್ರಯೋಜನ?

ಮರುದಿನ ಪುಸ್ತಕ ಬದಿಗಿಟ್ಟು, ಹೊಸ ಊರೊಂದನ್ನು ಕಟ್ಟೋಣವೇ ಎಂದು ಕೇಳಿದೆ. ಅವಳ ಉಮ್ಮನ ಒಪ್ಪಿಗೆ ಪಡೆಯುವುದು ಅಷ್ಟು ಸುಲಭವಾಗಲಿಲ್ಲ. "ಆಟ ಆಡಿಸ್ಲಿಕ್ಕಾ ಟೀಚರ್ ನಿಮ್ಮನ್ನು ಕರ್ದದ್ದು?" ಎಂದು ನೇರವಾಗಿ ಕೇಳಿದರು. ಅರ್ಧ ಗಂಟೆ ಆಟ, ಅರ್ಧ ಗಂಟೆ ಪುಸ್ತಕ; ಆಟದಲ್ಲಿ ಆದದ್ದನ್ನು ಆ ದಿನವೇ ಕನ್ನಡದಲ್ಲಿ ಬರೆಯಬೇಕು ಎಂದು ನಾನು ಷರತ್ತು ಹಾಕಿದ ಮೇಲೆ ಒಪ್ಪಿದರು.

ಮೊದಲು ಗ್ರಾಫ್ ಹಾಳೆಯಲ್ಲಿ ನಕ್ಷೆ ಹಾಕಿದೆವು. ಒಂದು ಚೌಕ ಅಂದರೆ ಆಟದ ಒಂದು ಬ್ಲಾಕ್, ಅಂದರೆ ಒಂದು ಮೀಟರ್. ಮೇಲೆ ಗುಡ್ಡ, ಕೆಳಗೆ ಬಯಲು, ನಡುವೆ ನೀರು ಹರಿಯುವ ಒಂದು ತೋಡು. ಗುಡ್ಡದ ಬದಿ ಒಂದು ವಾರ್ಡ್, ಬಯಲಿನ ಬದಿ ಇನ್ನೊಂದು. ನನಗೆ ಆಟದಲ್ಲಿ ನಡೆಯಲೂ ಬರುತ್ತಿರಲಿಲ್ಲ. ಬಲಕ್ಕೆ ತಿರುಗಲು ಹೋಗಿ ತೋಡಿಗೆ ಬಿದ್ದೆ, ಮೇಲೆ ಬರಲು ಗೊತ್ತಾಗದೆ ಮುಳುಗಿದೆ. "ಅಯ್ಯೋ, ಟೀಚರ್ ಸತ್ತೇ ಹೋದ್ರು!" ಎಂದು ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಳಗಿಂದ ಉಮ್ಮ ಕೂಡ ಇಣುಕಿ ನೋಡಿದರು.

ಆದರೆ ಪಾಠ ಸಾಗಲಿಲ್ಲ. ಪಂಚಾಯತ್ ಕಚೇರಿ, ಶಾಲೆ, ಆರೋಗ್ಯ ಕೇಂದ್ರ, ನೀರಿನ ಟ್ಯಾಂಕ್, ರಸ್ತೆ ಎಲ್ಲವನ್ನೂ ಅವಳು ಕೆಲವೇ ದಿನಗಳಲ್ಲಿ ಮುಗಿಸಿದಳು. ಪಂಚಾಯತ್ ಕಚೇರಿಗೆ ಕಾರಂಜಿ ಬೇರೆ. "ಆಯ್ತಲ್ಲ ಟೀಚರ್. ಇನ್ನೆಂತ ಮಾಡುದು?" ಎಂದು ಕುಳಿತಳು. ಅವಳು ಆಡುತ್ತಿದ್ದ ರೀತಿಯಲ್ಲಿ ಕಲ್ಲು, ಮರ, ಗಾಜು ಯಾವುದೂ ಮುಗಿಯುವುದಿಲ್ಲ. ಆಡುವವರು ಹಾರಲೂಬಹುದು. ಏನೂ ಮುಗಿಯದ, ಯಾರೂ ಇಲ್ಲದ ಊರಿನಲ್ಲಿ ಪಂಚಾಯತಿಗೆ ಏನು ಕೆಲಸ? ನಾನು ಕೇಳಬಹುದಾದ ಪ್ರಶ್ನೆಗಳೇ ಮುಗಿದುಹೋದವು.

ಊರಿಗೆ ಜನ ಬೇಕಿತ್ತು. ಅದೇ ಮನೆಯಲ್ಲಿದ್ದ ಅವಳ ಮಾವನ ಮಗಳು ಮತ್ತು ಅವಳ ತರಗತಿಯವಳೇ ಆದ ನೆರೆಮನೆಯ ಹುಡುಗಿ ತಮ್ಮ ಮನೆಯವರ ಫೋನು ತಂದರು. ಒಂದೇ ವೈಫೈಯಲ್ಲಿ ಮೂವರೂ ಒಂದೇ ಊರಿನೊಳಗೆ ಹೋಗಬಹುದು ಎಂದು ತೋರಿಸಿಕೊಟ್ಟದ್ದು ನಮ್ಮ ಹುಡುಗಿಯೇ. ಬಂದವರಿಬ್ಬರಿಗೂ ಅವಳು ಜಾಗ ಅಳೆದು ಕೊಟ್ಟಳು.

ಜನ ಬಂದದ್ದೇ ತಡ, ಊರು ಊರಾಯಿತು. ಮಾವನ ಮಗಳು ತೋಡಿಗೆ ಅಡ್ಡ ಕಟ್ಟಿ ನೀರನ್ನು ತನ್ನ ಗದ್ದೆಗೆ ತಿರುಗಿಸಿದಳು. ನೆರೆಮನೆಯವಳು ತನ್ನ ಜಾಗದ ಸುತ್ತ ಕಲ್ಲಿನ ಗೋಡೆ ಕಟ್ಟುತ್ತಾ ರಸ್ತೆಗೂ ಎರಡು ಬ್ಲಾಕ್ ಬಂದಳು. ನಾನು ಒಳಗೊಳಗೇ ಖುಷಿಪಟ್ಟೆ. ನಾಳೆ ಇದರ ಮೇಲೆ ಪಾಠ ಮಾಡಬಹುದು ಎಂದುಕೊಂಡೆ. ಆದರೆ ನಾಳೆಯವರೆಗೆ ಕಾಯಲು ಹುಡುಗಿಗೆ ತಾಳ್ಮೆ ಇರಲಿಲ್ಲ.

"ಗೋಡೆ ತೆಗಿ," ಎಂದಳು.

"ಯಾಕೆ ತೆಗೀಬೇಕು? ನನ್ನ ಜಾಗ ಮಾರಾಯ್ತಿ."

"ಜಾಗ ಕೊಟ್ಟದ್ದು ಯಾರು? ಊರು ನನ್ನದು."

ಹುಡುಗಿಯ ಬೆರಳು ಎರಡು ಸಲ ಆಡಿತು. ಗೋಡೆ ಹೋಯಿತು, ಗೋಡೆಯೊಳಗಿನ ಮನೆಯೂ ಹೋಯಿತು. ಮೂರನೆಯ ಸಲಕ್ಕೆ ನೆರೆಮನೆಯವಳ ಫೋನಿನಲ್ಲಿ ಊರೇ ಇರಲಿಲ್ಲ. ನಿಮ್ಮನ್ನು ಹೊರಗೆ ಹಾಕಲಾಗಿದೆ ಎಂಬ ಸಾಲು ಮಾತ್ರ. ಆಟವನ್ನು ತೆರೆದವರಿಗೆ ಆ ಅಧಿಕಾರ ಇರುತ್ತದೆ ಎಂದು ನನಗೆ ತಿಳಿದದ್ದೇ ಆಗ. ಆ ಮಗು ಎದ್ದು ಚಪ್ಪಲಿಯನ್ನೂ ಹಾಕದೆ ಅಳುತ್ತಾ ಮನೆಗೆ ಹೋಯಿತು.

ಮರುದಿನ ಆಟಕ್ಕೆ ಯಾರೂ ಬರಲಿಲ್ಲ. ತರಗತಿಯಲ್ಲಿ ಸುದ್ದಿ ಹಬ್ಬಿತ್ತು. "ನಾವೇನು ಅವಳ ಊರಿನಲ್ಲಿ ಬಾಡಿಗೆಗೆ ಇರುವವರಾ?" ಎಂದು ನೆರೆಮನೆಯವಳು ಎಲ್ಲರೆದುರು ಕೇಳಿದಳಂತೆ. ಮೊದಲು ಮಾತಾಡದಿದ್ದವಳು ನಮ್ಮ ಹುಡುಗಿ ಒಬ್ಬಳೇ. ಈಗ ಅವಳೊಡನೆ ಯಾರೂ ಮಾತಾಡುತ್ತಿರಲಿಲ್ಲ. ಬೆಳಗಿನ ಹೊಟ್ಟೆನೋವು ಜೋರಾಯಿತು. ಉಮ್ಮ ನನಗೆ ಚಹಾ ತಂದಿಟ್ಟು, "ನೀವು ಒಳ್ಳೇದಕ್ಕೇ ಮಾಡಿದ್ದು ಟೀಚರ್. ಆದ್ರೆ ಇದು ಇನ್ನು ಬೇಡ ಅಲ್ವಾ?" ಎಂದರು. ಬೇಡ ಎನ್ನಲು ನನಗೂ ಕಾರಣವಿತ್ತು. ಪರೀಕ್ಷೆ ಹತ್ತಿರ ಬರುತ್ತಿತ್ತು.

ಆ ಸಂಜೆ ಹುಡುಗಿಯನ್ನು ಬೈಯಬೇಕೆಂದೇ ಕುಳಿತಿದ್ದೆ. "ಅವಳನ್ನು ಹಾಗೆ ಹೊರಗೆ ಹಾಕ್ಬಹುದಾ?" ಎಂದೆ.

ಅವಳು ಮೇಜು ನೋಡುತ್ತಾ ಹೇಳಿದಳು. "ಅಲ್ಲಿ ನಮಗೂ ಹಾಗೇ ಮಾಡಿದ್ದು ಟೀಚರ್. ಒಂದು ಪೇಪರ್ ಬಂತು. ಉಪ್ಪ ಯಾರ್ಯಾರಿಗೋ ಫೋನ್ ಮಾಡಿದ್ರು. ಕೇಳ್ಲಿಕ್ಕೆ ಯಾರೂ ಇಲ್ಲ. ನನ್ನ ಸೈಕಲ್ ಅಲ್ಲೇ ಬಿಟ್ಟು ಬಂದದ್ದು."

ನನ್ನ ಬೈಗುಳ ಅಲ್ಲೇ ನಿಂತಿತು. ಅವಳಿಗೆ ಊರು ಎಂದರೆ ಒಬ್ಬ ಮಾಲೀಕ ಇರಲೇಬೇಕು. ಆ ಮಾಲೀಕ ಒಂದೋ ಬೇರೆಯವನು, ಇಲ್ಲವೇ ತಾನು. ಮೂರನೆಯ ದಾರಿಯೊಂದಿದೆ ಎಂದು ಅವಳು ನೋಡಿಯೇ ಇರಲಿಲ್ಲ. ಇದು ಪಾಠ ನಿಲ್ಲಿಸುವ ಹೊತ್ತಲ್ಲ, ಈಗಷ್ಟೇ ಶುರುವಾಗಿದೆ ಎಂದು ನನಗೆ ಖಚಿತವಾಯಿತು. ಉಮ್ಮನನ್ನು ಕರೆದು ಪರೀಕ್ಷೆಯವರೆಗೆ ಸಮಯ ಕೇಳಿದೆ. ಹುಡುಗಿಗೆ ಹೇಳಿದೆ: "ಈ ಊರಿಗೆ ಇನ್ನು ಮಾಲೀಕರು ಬೇಡ. ನೀನೂ ಅಲ್ಲ, ನಾನೂ ಅಲ್ಲ. ಒಪ್ಪಿಗೆ ಉಂಟಾ?"

"ಆಗ ಅಧಿಕಾರ ಯಾರಿಗೆ?"

"ಅದನ್ನು ಊರಿನವರು ಕೂತು ಹೇಳ್ಬೇಕು. ಮೊದಲು ಊರಿನವರನ್ನು ಕರಿ. ನಾನು ಕರೀಲಿಕ್ಕೆ ಹೋಗುದಿಲ್ಲ."

ಅವಳು ನೆರೆಮನೆಗೆ ಹೋಗಲು ಎರಡು ದಿನ ತೆಗೆದುಕೊಂಡಳು. ಹೋದವಳು ಜಗಲಿಯಲ್ಲಿ ನಿಂತು, "ನಿನ್ನ ಗೋಡೆ ರಸ್ತೆಗೆ ಬಂದದ್ದು ತಪ್ಪು. ಆದ್ರೆ ಅದನ್ನು ಒಬ್ಬಳೇ ತೆಗೀಲಿಕ್ಕೆ ನನಗೆ ಅಧಿಕಾರ ಇರ್ಲಿಲ್ಲ. ನಾಳೆ ಮೀಟಿಂಗ್ ಉಂಟು, ಬಾ" ಎಂದಳಂತೆ. ಆ ಮನೆಯ ಅಮ್ಮ ಇದನ್ನು ನನಗೆ ಬಸ್ ಸ್ಟಾಪಿನಲ್ಲಿ ಸಿಕ್ಕಿ ಹೇಳಿದರು. ಕ್ಷಮಿಸು ಎನ್ನುವ ಶಬ್ದ ಅದರಲ್ಲಿ ಇರಲಿಲ್ಲ. ಇದ್ದ ಮಾತೇ ಸಾಕಾಗಿತ್ತು.

ಇನ್ನು ಊರನ್ನು ಅವಳ ಟ್ಯಾಬಿನಿಂದ ಹೊರಗೆ ತರಬೇಕಿತ್ತು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಊರನ್ನು ಇಟ್ಟು, ಎಲ್ಲರೂ ಸಮಾನವಾಗಿ ಅದರೊಳಗೆ ಬರುವಂತೆ ಮಾಡುವುದು ನಮ್ಮ ಯೋಜನೆ. ಹೇಗೆಂದು ಪುತ್ತೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿಕೊಂಡು ಬಂದೆ. ಆದರೆ ಫೈಲು ನಕಲಾಗುತ್ತಿರುವಾಗ ಜೋರು ಮಳೆಗೆ ಕರೆಂಟು ಹೋಯಿತು. ಬ್ಯಾಟರಿ ಸತ್ತ ನನ್ನ ಲ್ಯಾಪ್‌ಟಾಪ್ ಅದರೊಂದಿಗೇ ಆರಿತು. ಕರೆಂಟು ಬಂದ ಮೇಲೆ ತೆರೆದರೆ ಊರಿನ ಬಯಲು ಬದಿ ಇಡೀ ಇಲ್ಲ. ನಕಲು ಮಾಡುವ ಬದಲು ಕತ್ತರಿಸಿ ಸಾಗಿಸುವ ಆಯ್ಕೆ ಒತ್ತಿದ್ದೆ. ಟ್ಯಾಬಿನಲ್ಲೂ ಪೂರ್ತಿ ಊರು ಉಳಿದಿರಲಿಲ್ಲ. ಹುಡುಗಿಯ ಬಳಿ ಬಹಳ ಹಿಂದಿನ ಒಂದು ಪ್ರತಿ ಇತ್ತು. ಅದರಲ್ಲಿ ಗುಡ್ಡ, ತೋಡು, ಬರೀ ಬಯಲು.

ಅವಳು ಅಳುತ್ತಾಳೆ ಎಂದುಕೊಂಡೆ. ಅವಳು ಪರದೆಯನ್ನೇ ನೋಡುತ್ತಾ, "ಇದ್ರಿಂದ್ಲೇ ಶುರು ಮಾಡುವ ಟೀಚರ್. ಆದ್ರೆ ಈ ಸಲ ಹಾರ್ಲಿಕ್ಕೆ ಇಲ್ಲ" ಎಂದಳು. ಅಗೆದರೆ ಮಾತ್ರ ಕಲ್ಲು, ಕಡಿದರೆ ಮಾತ್ರ ಮರ ಸಿಗುವ ರೀತಿಗೆ ಆಟವನ್ನು ಅವಳೇ ಬದಲಿಸಿದಳು. ವಿಶೇಷ ಅಧಿಕಾರ ಎಲ್ಲರಿಗೂ ಬಂದ್. ಅದನ್ನು ಮತ್ತೆ ತೆರೆಯುವ ಪಾಸ್‌ವರ್ಡಿನ ಅರ್ಧವನ್ನು ನಮ್ಮ ಹುಡುಗಿಯೂ ಉಳಿದರ್ಧವನ್ನು ನೆರೆಮನೆಯವಳೂ ನನಗೆ ಬೆನ್ನು ತಿರುಗಿಸಲು ಹೇಳಿ ಹಾಕಿದರು. ಒಬ್ಬರಿಂದ ತೆರೆಯಲು ಆಗದು. ಇಬ್ಬರೂ ಒಪ್ಪಬೇಕು.

ಕಲ್ಲು ಅಗೆದು ತರಬೇಕಾದಾಗ ಊರಿನ ಮಾತೇ ಬೇರೆಯಾಯಿತು. ಟ್ಯಾಂಕು ಮೊದಲಾ, ರಸ್ತೆ ಮೊದಲಾ? ಪ್ರತಿಯೊಬ್ಬರೂ ತಂದ ಕಲ್ಲಿನಲ್ಲಿ ಒಂದು ಪಾಲನ್ನು ಪಂಚಾಯತಿನ ಪೆಟ್ಟಿಗೆಗೆ ಹಾಕಬೇಕೆಂದು ತೀರ್ಮಾನವಾದ ದಿನ ನಾನು ಪುಸ್ತಕ ತೆರೆದು ತೆರಿಗೆಯ ಪಾಠ ಓದಿಸಿದೆ. ಅರ್ಥ ಹೇಳುವ ಅಗತ್ಯ ಬೀಳಲಿಲ್ಲ. ತೋಡಿನ ನೀರಿನ ಜಗಳ ಬಂದಾಗ ಗ್ರಾಮಸಭೆಯ ಪಾಠ. ಸುದ್ದಿ ತಿಳಿದು ತರಗತಿಯ ಇನ್ನೂ ನಾಲ್ವರು ಶನಿವಾರ ಮಧ್ಯಾಹ್ನಗಳಲ್ಲಿ ಬರತೊಡಗಿದರು. ಜಗಲಿ ತುಂಬ ಫೋನುಗಳು, ಬ್ಯಾರಿ, ತುಳು, ಕನ್ನಡ ಎಲ್ಲ ಸೇರಿದ ಗದ್ದಲ. ಉಮ್ಮ ದೊಡ್ಡ ಪಾತ್ರೆಯಲ್ಲಿ ಚಹಾ ಇಡಲು ಶುರುಮಾಡಿದರು.

ಅಧ್ಯಕ್ಷರ ಚುನಾವಣೆಗೆ ನಮ್ಮ ಹುಡುಗಿಯೂ ನೆರೆಮನೆಯವಳೂ ನಿಂತರು. ಗುಪ್ತ ಮತದಾನ ಹೇಗೆ ಎಂಬುದು ದೊಡ್ಡ ಪ್ರಶ್ನೆಯಾಯಿತು. ಮತಗಟ್ಟೆ ಕಟ್ಟಿದ್ದು ನಮ್ಮ ಹುಡುಗಿ. ಒಬ್ಬರಷ್ಟೇ ನಿಲ್ಲುವ ಮುಚ್ಚಿದ ಕೋಣೆ. ಮತದಾರರಿಗೆ ಬಾಗಿಲಲ್ಲಿ ಕೆಂಪು ಉಣ್ಣೆಯ ಒಂದು ತುಂಡು, ಹಳದಿಯದ್ದು ಒಂದು ತುಂಡು ಸಿಗುತ್ತದೆ; ಕೆಂಪು ನಮ್ಮ ಹುಡುಗಿಗೆ, ಹಳದಿ ನೆರೆಮನೆಯವಳಿಗೆ. ಒಳಗೆ ಬೇಕಾದ ಬಣ್ಣವನ್ನು ನೆಲದ ಕಿಂಡಿಗೆ ಹಾಕಿದರೆ ಅದು ಕೆಳಗಿನ ಪೆಟ್ಟಿಗೆಗೆ ಇಳಿಯುತ್ತದೆ. ಉಳಿದ ಬಣ್ಣವನ್ನು ಅಲ್ಲೇ ಇರುವ ಬೆಂಕಿಗೆ ಹಾಕಿ ಬರಬೇಕು. ಹೊರಗೆ ಬಂದವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಯಾರು ಯಾರಿಗೆ ಹಾಕಿದರೆಂದು ತಿಳಿಯುವುದಿಲ್ಲ. ಇದನ್ನು ನಾನು ಹೇಳಿಕೊಟ್ಟದ್ದಲ್ಲ. ನನಗೆ ಹೊಳೆಯುತ್ತಲೂ ಇರಲಿಲ್ಲ.

ಪೆಟ್ಟಿಗೆ ತೆರೆದಾಗ ಹಳದಿ ಹೆಚ್ಚಿತ್ತು. ನಮ್ಮ ಹುಡುಗಿ ಸೋತಿದ್ದಳು.

ಅವಳು ಟ್ಯಾಬ್ ಮಗುಚಿಟ್ಟು ಒಳಗೆ ಹೋದಳು. ಕರೆಯಬೇಡಿ ಎಂದು ಉಮ್ಮನಿಗೆ ನಾನು ಸನ್ನೆ ಮಾಡಿದೆ. ಬಸ್ಸಿನಲ್ಲಿ ಕುಳಿತಾಗ ಹೆದರಿಕೆಯಾಯಿತು. ಅವಳು ಕಟ್ಟಿದ ಊರು, ಅವಳೇ ಕಟ್ಟಿದ ಮತಗಟ್ಟೆ, ಅದರಲ್ಲೇ ಸೋಲು. ಪರೀಕ್ಷೆ ಎದುರಿಗಿರುವಾಗ ಇದನ್ನು ಮಾಡಿಸಬಾರದಿತ್ತೇ?

ಸೋಮವಾರ ಅವಳು ಪಠ್ಯಪುಸ್ತಕ ತೆರೆದಿಟ್ಟುಕೊಂಡು ಕಾಯುತ್ತಿದ್ದಳು. "ಟೀಚರ್, ಗೆದ್ದವರು ಎಂತ ಮಾಡುದು ಅಂತ ಇದ್ರಲ್ಲಿ ಉಂಟು. ಸೋತವರು ಎಂತ ಮಾಡುದು? ನಾನು ಇಡೀ ಪಾಠ ಓದಿದೆ. ಇಲ್ಲ."

ಇಡೀ ಪಾಠ ಓದಿದೆ ಎಂದಳಲ್ಲ, ನಾನು ಅದನ್ನೇ ಒಂದು ಕ್ಷಣ ಕೇಳಿಸಿಕೊಂಡೆ. ಆಮೇಲೆ ಹೇಳಿದೆ: "ಸೋತವರು ಊರು ಬಿಟ್ಟು ಹೋಗುದಿಲ್ಲ. ಕೂತು ಪ್ರಶ್ನೆ ಕೇಳುದು."

ಮುಂದಿನ ಶನಿವಾರ ಅವಳು ಕೇಳಿದಳು. ತೋಡಿನ ಸೇತುವೆಯನ್ನು ಹೊಸ ಅಧ್ಯಕ್ಷೆ ತನ್ನ ಮನೆಯ ನೇರಕ್ಕೆ ಕಟ್ಟಿಸುತ್ತಿದ್ದಳು. "ಊರಿನ ಕಲ್ಲು ಅಲ್ವಾ? ಆರೋಗ್ಯ ಕೇಂದ್ರದ ಹತ್ತಿರ ಯಾಕೆ ಮೊದಲು ಕಟ್ಲಿಲ್ಲ?" ಅಧ್ಯಕ್ಷೆ ಕೆಂಪಾದಳು. "ನಿನಗೆ ಸೋತ ಹೊಟ್ಟೆಕಿಚ್ಚು" ಎಂದಳು. ನಮ್ಮ ಹುಡುಗಿ ಎದ್ದು ಹೋಗಲಿಲ್ಲ, ದನಿ ಏರಿಸಲಿಲ್ಲ. "ಇರ್ಬಹುದು. ಆದ್ರೆ ಪ್ರಶ್ನೆಗೆ ಉತ್ತರ ಹೇಳು" ಎಂದಳು. ಸಭೆಯಲ್ಲಿ ಕೈ ಎತ್ತಿಸಿದರು. ಸೇತುವೆಯ ಜಾಗ ಬದಲಾಯಿತು. ಆಮೇಲೆ ಇಬ್ಬರೂ ಒಟ್ಟಿಗೇ ಕಲ್ಲು ಅಗೆಯಲು ಗುಡ್ಡಕ್ಕೆ ಹೋದರು.

ಪರೀಕ್ಷೆಯಲ್ಲಿ ಅವಳು ತರಗತಿಗೇ ಮೊದಲಿಗಳೇನೂ ಆಗಲಿಲ್ಲ. ಪಾಸಾದಳು, ಸಮಾಜ ವಿಜ್ಞಾನದಲ್ಲಿ ಚೆನ್ನಾಗಿಯೇ ಪಾಸಾದಳು. ಗ್ರಾಮಸಭೆಯ ಮಹತ್ವವನ್ನು ಬರೆಯಿರಿ ಎಂಬ ಪ್ರಶ್ನೆಗೆ ಪುಸ್ತಕದ ಸಾಲುಗಳ ಕೊನೆಗೆ, ಕಾಗುಣಿತ ತಪ್ಪಿದ್ದರೂ, ಒಂದು ಸಾಲನ್ನು ಅವಳೇ ಸೇರಿಸಿದ್ದಳು: ಗ್ರಾಮಸಭೆ ಇಲ್ಲದಿದ್ದರೆ ಸೋತವರಿಗೆ ಮಾತಾಡಲು ಜಾಗ ಇರುವುದಿಲ್ಲ. ಅವಳ ಶಾಲೆಯ ಶಿಕ್ಷಕರು ಅದರ ಕೆಳಗೆ ಗೆರೆ ಎಳೆದು ಪೂರ್ಣ ಅಂಕ ಕೊಟ್ಟಿದ್ದರು. ನಾನು ಆ ಪುಟವನ್ನು ಎರಡು ಮೂರು ಸಲ ಓದಿದೆ. ಓಪನ್ ಪರೀಕ್ಷೆಯ ಮಾತನ್ನು ಉಮ್ಮ ಮತ್ತೆ ಎತ್ತಲಿಲ್ಲ. "ಯೂನಿಫಾರ್ಮ್ ಇನ್ನೊಂದು ಜೊತೆ ಹೊಲೀಲಿಕ್ಕೆ ಕೊಟ್ಟೆ ಟೀಚರ್" ಎಂದಷ್ಟೇ ಹೇಳಿದರು.

ಚಳಿ ಶುರುವಾಗುವ ಹೊತ್ತಿಗೆ ಅವರ ಪಂಚಾಯತಿನಲ್ಲಿ ಮಕ್ಕಳ ಗ್ರಾಮಸಭೆ ಕರೆದರು. ಹುಡುಗಿ ನನ್ನನ್ನೂ ಬರಹೇಳಿದಳು. ನಾನು ಅರ್ಧ ದಿನ ರಜೆ ಹಾಕಿ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಪ್ರಾರ್ಥನೆ, ಸ್ವಾಗತ, ದೊಡ್ಡವರ ಉದ್ದುದ್ದ ಮಾತು. ಕೆಲವು ಮಕ್ಕಳು ಶಿಕ್ಷಕರು ಬರೆದುಕೊಟ್ಟ ಪ್ರಶ್ನೆ ಓದಿದರು. ಆಟದ ಮೈದಾನ ಬೇಕು, ಬಸ್ಸು ಬೇಕು. ಪರಿಶೀಲಿಸುತ್ತೇವೆ ಎಂಬ ಉತ್ತರ ಎಲ್ಲದಕ್ಕೂ ಬಂತು.

ಆಮೇಲೆ ಅವಳು ಎದ್ದಳು. ಕೈಯಲ್ಲಿ ಕಾಗದ ಇರಲಿಲ್ಲ.

"ನಮ್ಮ ಪಂಚಾಯತ್‌ನ ಲೈಬ್ರರಿ ನಾವು ಶಾಲೆಗೆ ಹೋದ ಮೇಲೆ ತೆರೀತದೆ. ನಾವು ವಾಪಸ್ ಬರುವಾಗ ಬಾಗಿಲು ಹಾಕಿರ್ತದೆ. ಶಾಲೆಯ ಮಕ್ಕಳು ಯಾವಾಗ ಹೋಗುದು?"

ಸಮಯ ನಿಗದಿ ಮಾಡುವುದು ತಾವಲ್ಲ, ಮೇಲಿನವರು ಎಂದು ವೇದಿಕೆಯಲ್ಲಿದ್ದ ಒಬ್ಬರು ಹೇಳಿದರು. "ಹಾಗಾದ್ರೆ ಮೇಲಿನವರಿಗೆ ಬರೆಯುವ ಅಂತ ಈ ಸಭೆ ಠರಾವು ಮಾಡ್ಬಹುದಲ್ಲ ಸರ್? ವಾರದಲ್ಲಿ ಎರಡು ದಿನ ಸಂಜೆ ಆದ್ರೂ ಸಾಕು" ಎಂದಳು. ಸಭೆಯಲ್ಲಿ ಗುಸುಗುಸು. ಹಿರಿಯ ಸದಸ್ಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಪ್ರೀತಿಯಿಂದಲೇ ಕೇಳಿದರು. ನಮ್ಮ ಕಡೆ ಯಾವ ಮಗು ಬಾಯಿ ತೆರೆದರೂ ಎಲ್ಲರೂ ಮೊದಲು ಕೇಳುವುದು ಇದನ್ನೇ.

"ಅಲ್ಲ ಮಗಾ, ನೀನು ಯಾರ ಮಗಳು?"

ಅವಳು ತಂದೆಯ ಹೆಸರು ಹೇಳುತ್ತಾಳೆ, ಅವರು ಗಲ್ಫಿನಲ್ಲಿದ್ದಾರೆ ಎನ್ನುತ್ತಾಳೆ, ಮಾತು ಅಲ್ಲಿಗೆ ಬೇರೆ ಕಡೆ ಹೋಗುತ್ತದೆ ಎಂದು ನಾನು ಕುರ್ಚಿಯ ತುದಿಗೆ ಬಂದಿದ್ದೆ.

"ನಾನು ಎರಡನೇ ವಾರ್ಡಿನವಳು ಸರ್," ಎಂದಳು. "ಠರಾವು ಬರೀತೀರಾ?"

ವೇದಿಕೆಯಲ್ಲಿದ್ದ ಪಂಚಾಯತ್ ಅಧಿಕಾರಿ ಪೆನ್ನು ತೆಗೆದು ಬರೆಯತೊಡಗಿದರು. ಬರೆದು ಮುಗಿಯುವವರೆಗೂ ಅವಳು ಕುಳಿತುಕೊಳ್ಳಲಿಲ್ಲ.